ಮಡಚುವ ಟ್ರೆಡ್‌ಮಿಲ್, 25 ಸಾವಿರದೊಳಗೆ: ಬದಿಯಡ್ಕದ ಮಳೆಗೆ, ನಮ್ಮ ಕರೆಂಟಿಗೆ ಆದೀತಾ?

ಬದಿಯಡ್ಕ ಮಾಷ್ಟ್ರು · ಜೂನ್ 16, ರಾತ್ರಿ 9.10

ಎಲ್ಲರಿಗೂ ನಮಸ್ಕಾರ. ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ. ನಾನು ಗಣಿತ ಕಲಿಸುತ್ತಿದ್ದವನು, ಪೆನ್ಶನ್ ಆಗಿ ಎರಡು ವರ್ಷ. ಶುಗರ್ ಹೊಸ್ತಿಲಲ್ಲಿ ನಿಂತಿದೆ, ಒಳಗೆ ಬಂದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಸದ್ಯ ಮಾತ್ರೆ ಬೇಡ, ದಿನಾ ಮುಕ್ಕಾಲು ಗಂಟೆ ನಡೆಯಿರಿ ಅಂದರು. ಬೇಸಗೆ ಪೂರ್ತಿ ನಡೆದೆ. ಮಳೆ ಹಿಡಿದ ಮೇಲೆ ಕಥೆ ಬೇರೆ. ಕೊಡೆ ಹಿಡಿದು ಹೊರಟರೆ ಕುಂಬಳೆ ರಸ್ತೆಯ ಬಸ್ಸುಗಳು ಸೊಂಟದ ತನಕ ಕೆಸರು ಹಾರಿಸುತ್ತವೆ. ತೋಟದ ದಾರಿಯಲ್ಲಿ ಪಾಚಿ. ಕಳೆದ ಆಟಿ ತಿಂಗಳಲ್ಲಿ ಜಾರಿ ಬಿದ್ದು ಮಣಿಕಟ್ಟು ಊದಿತ್ತು. ಬೆಳಗಿನ ಹೊತ್ತು ನಾಯಿಗಳ ಕಾಟ ಬೇರೆ.

ಮಗ ಬೆಂಗಳೂರಿನಲ್ಲಿದ್ದಾನೆ. ಆನ್‌ಲೈನ್‌ನಲ್ಲಿ ನೋಡಿ ಎರಡು ಕಳಿಸಿದ್ದಾನೆ.

ಒಂದನೆಯದು ಮಡಚುವ ಟ್ರೆಡ್‌ಮಿಲ್. 2 ಎಚ್‌ಪಿ ಮೋಟಾರು, "ಪೀಕ್ 4 ಎಚ್‌ಪಿ" ಎಂದು ದೊಡ್ಡದಾಗಿ ಬರೆದಿದ್ದಾರೆ. ಬೆಲ್ಟ್ 110 ಸೆಂಟಿಮೀಟರ್ ಉದ್ದ, 40 ಅಗಲ. 100 ಕೆಜಿ ತನಕದವರು ಬಳಸಬಹುದು. ವೇಗ ಗಂಟೆಗೆ 12 ಕಿಲೋಮೀಟರ್ ತನಕ. ಬೆಲೆ 23,500.

ಎರಡನೆಯದು ವಾಕಿಂಗ್ ಪ್ಯಾಡ್ ಅಂತೆ. ಹಿಡಿದುಕೊಳ್ಳಲು ಕೈಪಿಡಿ ಇಲ್ಲ, ಬರೀ ಹಲಗೆಯ ಹಾಗೆ. ಮಂಚದ ಅಡಿಗೆ ತಳ್ಳಬಹುದು. 14,000.

ನಾನು 74 ಕೆಜಿ. ಮನೆಯವಳು 66, ಅವಳಿಗೆ ಬಲಮೊಣಕಾಲು ನೋವು. ಮನೆ ಹಳೆಯದು, ಹಂಚಿನದು. ಇಡುವುದಾದರೆ ಉಪ್ಪರಿಗೆಯಲ್ಲಿ, ಇಲ್ಲದಿದ್ದರೆ ಚಾವಡಿಯಲ್ಲಿ. ಓಡುವ ಆಸೆ ಇಬ್ಬರಿಗೂ ಇಲ್ಲ. ಬಳಸಿದವರು ಹೇಳಿ. ಕಂಪನಿ ಹೆಸರು ಹಾಕಿ ಜಗಳ ಬೇಡ.

ಟ್ರೆಡ್‌ಮಿಲ್ ಮೇಲೆ ನಾನು ಹತ್ತಿದ್ದು ಒಂದೇ ಸಲ, ಮಂಗಳೂರಿನ ಆಸ್ಪತ್ರೆಯಲ್ಲಿ ಹೃದಯದ ಟಿಎಂಟಿ ಪರೀಕ್ಷೆ ಮಾಡಿಸಿದಾಗ. ಮೂರು ಮೂರು ನಿಮಿಷಕ್ಕೆ ಏರು ಜಾಸ್ತಿ, ವೇಗ ಜಾಸ್ತಿ. ಎದೆಗೆ ವಯರು ಅಂಟಿಸಿಕೊಂಡು ಮಾಯಿಪ್ಪಾಡಿ ಗುಡ್ಡ ಹತ್ತಿದ ಹಾಗಾಗಿತ್ತು.

ಕುಂಬಳೆ ಕಡಲು · ಜೂನ್ 16, ರಾತ್ರಿ 9.42

ಮಾಷ್ಟ್ರೇ, ಮೊದಲು ಅದರ ಹುಟ್ಟು ಕೇಳಿ. 1818ರಲ್ಲಿ ಇಂಗ್ಲೆಂಡಿನ ವಿಲಿಯಂ ಕ್ಯೂಬಿಟ್ ಎಂಬ ಎಂಜಿನಿಯರು ಜೈಲಿನ ಕೈದಿಗಳಿಗೆ ಅಂತ ಮಾಡಿದ ತುಳಿಯುವ ಚಕ್ರ ಅದು. ಆಗ ಸರಕಾರ ಬಲವಂತದಿಂದ ತುಳಿಸುತ್ತಿತ್ತು, ಈಗ ನಾವೇ ದುಡ್ಡು ಕೊಟ್ಟು ಗಾಣದ ಎತ್ತಾಗುತ್ತೇವೆ.

ತಮಾಷೆ ಬಿಡಿ. ನಮ್ಮ ಭಾವನ ಮನೆಯಲ್ಲಿ ಒಂದುಂಟು. ಮೊದಲ ತಿಂಗಳು ನಡೆದರು. ಈಗ ಅತ್ತೆ ಅದರ ಮೇಲೆ ಚಾಪೆ ಹಾಸಿ ಹಲಸಿನ ಹಪ್ಪಳ ಹರಡುತ್ತಾರೆ. ಮೇಲೆ ಫ್ಯಾನ್ ಉಂಟು ನೋಡಿ, ಒಳ್ಳೆ ಜಾಗ.

ಪೆರ್ಲ ವಯರ್‌ಮನ್ · ಜೂನ್ 17, ಬೆಳಿಗ್ಗೆ 7.05

ಮೋಟಾರಿನ ವಿಷಯ ನಾನು ಹೇಳುತ್ತೇನೆ. ಮೂವತ್ತು ವರ್ಷದಿಂದ ತೋಟದ ಪಂಪು, ಮನೆ ವಯರಿಂಗು ಇದೇ ಕೆಲಸ. ಈಚೆಗೆ ಟ್ರೆಡ್‌ಮಿಲ್ ಪ್ಲಗ್ ಹಾಕಿ ಕೊಡಿ ಅಂತ ಕರೆಯುವವರೂ ಇದ್ದಾರೆ.

ಮಾಷ್ಟ್ರೇ, ನಿಮ್ಮ ತೋಟದ 3 ಎಚ್‌ಪಿ ಪಂಪು ಎಷ್ಟು ದಪ್ಪ ಉಂಟು, ಎತ್ತಲು ಎಷ್ಟು ಜನ ಬೇಕು ನೋಡಿದ್ದೀರಲ್ಲ. ಈ ಟ್ರೆಡ್‌ಮಿಲ್ಲಿನ ಮುಚ್ಚಳ ತೆಗೆದರೆ ಒಳಗಿನ ಮೋಟಾರು ಸುಲಿದ ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಅದು ಡಿಸಿ ಮೋಟಾರು, ಜೋರಾಗಿ ತಿರುಗುವಂಥದ್ದು, ಆದ್ದರಿಂದ ಚಿಕ್ಕದಿರುವುದು ಸಹಜ. ಆದರೂ 4 ಎಚ್‌ಪಿ ಅನ್ನುವುದನ್ನು ನಂಬಬೇಡಿ.

ಲೆಕ್ಕ ನಿಮಗೆ ಗೊತ್ತೇ ಇರುತ್ತದೆ. ಒಂದು ಎಚ್‌ಪಿ ಅಂದರೆ 746 ವ್ಯಾಟ್. ನಾಲ್ಕಕ್ಕೆ 2,984 ವ್ಯಾಟ್. 230 ವೋಲ್ಟಿನಲ್ಲಿ ಅದು 13 ಆಂಪಿಯರ್. ಈಗ ಯಂತ್ರದ ಪ್ಲಗ್ ನೋಡಿ. ಎಷ್ಟೋ ಯಂತ್ರಗಳಿಗೆ ಟಿವಿಗೆ ಹಾಕುವ ಸಣ್ಣ 6 ಆಂಪಿಯರ್ ಪ್ಲಗ್ ಇರುತ್ತದೆ. ಅದರಲ್ಲಿ 1,380 ವ್ಯಾಟಿಗಿಂತ ಹೆಚ್ಚು ಎಳೆಯುವ ಹಾಗಿಲ್ಲ. ಅಂದರೆ ಎರಡು ಎಚ್‌ಪಿಯೂ ಆಗಲಿಲ್ಲ! ಪೀಕ್ ಎಂದರೆ ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು ಸಿಗುವ ಶಕ್ತಿ. ನಿಮಗೆ ಬೇಕಾದ್ದು ಮುಕ್ಕಾಲು ಗಂಟೆ ಎಡೆಬಿಡದೆ ಸಿಗುವ ಶಕ್ತಿ. ಯಂತ್ರದ ಹಿಂದೆಯೋ ಅಡಿಯಲ್ಲಿಯೋ ಒಂದು ಸಣ್ಣ ತಗಡಿನ ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ಎಷ್ಟು ವ್ಯಾಟ್ ಎಂದು ಇದೆಯೋ ಅದೇ ಸತ್ಯ. ಡಬ್ಬದ ಮೇಲಿನದ್ದು ಜಾಹೀರಾತು.

ನಡೆಯಲು ಮಾತ್ರ ಅಂದರೆ ನಿಜವಾದ ಒಂದು, ಒಂದೂಕಾಲು ಎಚ್‌ಪಿ ಧಾರಾಳ.

ಆಮೇಲೆ ಮೂರು ಮಾತು. ಗೋಡೆಯ ಪವರ್ ಪ್ಲಗ್‌ಗೇ ಹಾಕಿ, ಎಕ್ಸ್‌ಟೆನ್ಶನ್ ಬಾಕ್ಸ್ ಬೇಡ. ಕರಗಿದ ಬಾಕ್ಸ್ ನನ್ನ ಚೀಲದಲ್ಲಿ ಎರಡು ಉಂಟು, ಬೇಕಾದರೆ ತೋರಿಸುತ್ತೇನೆ. ಎರಡು, ಅರ್ತಿಂಗ್ ಸರಿ ಉಂಟಾ ಅಂತ ನೋಡಿಸಿ. ಹಳೆ ಮನೆಗಳಲ್ಲಿ ಮೂರು ತೂತಿನ ಪ್ಲಗ್ ಇರುತ್ತದೆ, ಹಿಂದೆ ಅರ್ತ್ ವಯರೇ ಇರುವುದಿಲ್ಲ. ನೀವು ಬೆವರಿಕೊಂಡು ಕಬ್ಬಿಣ ಹಿಡಿದು ನಿಲ್ಲುವ ಯಂತ್ರ ಅದು. ಮೂರು, ಮಳೆಗಾಲದಲ್ಲಿ ಟ್ರೆಡ್‌ಮಿಲ್ ಹಾಕಿದ ಕೂಡಲೇ ಇಎಲ್‌ಸಿಬಿ (ಕರೆಂಟ್ ಲೀಕ್ ಆದರೆ ತಾನಾಗಿ ಬೀಳುವ ಸ್ವಿಚ್) ಬಿದ್ದರೆ ಅದನ್ನು ಬೈಪಾಸ್ ಮಾಡಿಸಬೇಡಿ. ಇಂಥ ಯಂತ್ರಗಳಲ್ಲಿ ಮೋಟಾರನ್ನು ನಡೆಸುವ ಸರ್ಕ್ಯೂಟ್ ಬೋರ್ಡ್‌ನಿಂದ ಅರ್ತಿಗೆ ಸ್ವಲ್ಪ ಲೀಕ್ ಇರುವುದುಂಟು. ಮನೆಯ ಹಳೆ ವಯರು ತಂಡಿಯಾಗಿ ಅದೂ ಸ್ವಲ್ಪ ಲೀಕ್ ಆದರೆ ಎರಡೂ ಸೇರಿ 30 ಮಿಲಿ ಆಂಪಿಯರ್ ಹತ್ತಿರ ಹೋಗುತ್ತದೆ. ಸರಿ ಮಾಡಬೇಕಾದ್ದು ವಯರನ್ನು. ಜೀವ ಕಾಯುವ ಸ್ವಿಚ್ಚನ್ನೇ ತೆಗೆದು ಹಾಕುವವರು ನಮ್ಮೂರಲ್ಲಿ ಇದ್ದಾರೆ, ಅದಕ್ಕೇ ಬರೆದೆ.

ನೀರ್ಚಾಲು ಅಕ್ಕ · ಜೂನ್ 17, ಮಧ್ಯಾಹ್ನ 2.30

ನಮ್ಮಲ್ಲಿ ಮೂರು ವರ್ಷದಿಂದ ಉಂಟು. ನೀವು ಹೇಳಿದ ಒಂದನೆಯದರ ಹಾಗಿನದ್ದೇ. ನಾನು ದಿನಾ ನಡೆಯುತ್ತೇನೆ, ಹಪ್ಪಳ ಒಣಗಿಸಿಲ್ಲ. (ಕುಂಬಳೆಯವರೇ, ನಿಮ್ಮ ಭಾವನ ಮನೆ ಕಥೆ ಎಲ್ಲ ಕಡೆ ಹೇಳಬೇಡಿ, ಅತ್ತೆಗೆ ಗೊತ್ತಾದೀತು.)

ಮಾಷ್ಟ್ರೇ, ಮೋಟಾರು ಬಿಡಿ, ಯಾರು ಬಂದು ರಿಪೇರಿ ಮಾಡುತ್ತಾರೆ ಅದನ್ನು ಕೇಳಿ. ನಮ್ಮದು ಆನ್‌ಲೈನ್‌ನಲ್ಲಿ ತರಿಸಿದ್ದು. ಲಾರಿಯವ ಮುಖ್ಯ ರಸ್ತೆಯಲ್ಲಿ ಇಳಿಸಿ ಹೋದ. 48 ಕೆಜಿ ಡಬ್ಬ. ಮನೆಗೆ ಜೀಪು ಮಾಡಿಸಿ ತಂದೆವು. ಒಂದೂವರೆ ವರ್ಷ ಏನೂ ತೊಂದರೆ ಇಲ್ಲ. ಆಮೇಲೆ ಒಂದು ದಿನ ಸ್ಕ್ರೀನಿನಲ್ಲಿ ಎರರ್ ಬಂದು ನಿಂತಿತು. ಫೋನ್ ಮಾಡಿದೆ. ಪಿನ್ ಕೋಡ್ ಕೇಳಿದರು. 671 ಅಂದ ಕೂಡಲೇ ಕೇರಳದ ಲೆಕ್ಕಕ್ಕೆ ಹಾಕಿದರು. ಟೆಕ್ನೀಷಿಯನ್ ಕಲ್ಲಿಕೋಟೆಯಿಂದ ಬರಬೇಕಂತೆ! ಅದೇ ಕಂಪನಿಯ ಸರ್ವಿಸ್‌ನವರು ಮಂಗಳೂರಿನಲ್ಲಿ ಇದ್ದಾರೆ, ನಮ್ಮಿಂದ ಒಂದೂವರೆ ಗಂಟೆಯ ದಾರಿ. ಅವರನ್ನು ಕಳಿಸಿ ಅಂದರೆ "ಅದು ಬೇರೆ ಸ್ಟೇಟ್ ಮೇಡಂ." ಮಗಳ ಕಾಲೇಜಿಗೆ, ಹಲ್ಲಿನ ಡಾಕ್ಟರಿಗೆ, ಸೀರೆಗೆ ಎಲ್ಲದಕ್ಕೂ ನಾವು ಹೋಗುವುದು ಮಂಗಳೂರಿಗೆ. ಅವರ ಕಂಪ್ಯೂಟರಿಗೆ ಮಾತ್ರ ತಲಪಾಡಿ ಗಡಿ ದಾಟಲು ಬರುವುದಿಲ್ಲ.

23 ದಿನ ಆಯಿತು ಅವನು ಬರಲು. ಬೋರ್ಡ್ ಹೋಗಿದೆ ಅಂದ. ಮೋಟಾರಿಗೆ ಮೂರು ವರ್ಷ ವಾರಂಟಿ, ಬೋರ್ಡಿಗೆ ಒಂದೇ ವರ್ಷ. ಹಾಳಾಗುವುದು ಯಾವುದು ಅಂತ ಅವರಿಗೆ ಗೊತ್ತಿದೆ ಅಲ್ವಾ? 6,800 ರೂಪಾಯಿ, ಬಂದು ಹೋದ ಚಾರ್ಜ್ ಬೇರೆ.

ಬೋರ್ಡ್ ಯಾಕೆ ಹೋಯಿತು ಎಂದು ಮುಚ್ಚಳ ತೆಗೆದು ತೋರಿಸಿದ. ಒಳಗೆ ಒಂದು ಹಲ್ಲಿ, ಸುಟ್ಟು ಒಣಗಿ ಬೋರ್ಡಿನ ಎರಡು ಕಾಲುಗಳ ನಡುವೆ ಅಂಟಿಕೊಂಡಿತ್ತು. ಈಗ ನಾನು ಗಾಳಿ ಹೋಗುವ ತೂತುಗಳಿಗೆ ಒಳಗಿನಿಂದ ಸೊಳ್ಳೆ ಬಲೆಯ ತುಂಡು ಅಂಟಿಸಿದ್ದೇನೆ. ವಾರಕ್ಕೊಮ್ಮೆ ಅದರ ಧೂಳು ಒರೆಸುತ್ತೇನೆ, ಇಲ್ಲದಿದ್ದರೆ ಗಾಳಿ ಆಡದೆ ಬಿಸಿ ಆಗುತ್ತದೆ.

ಇನ್ನೊಂದು ಹೇಳಲು ನಾಚಿಕೆ. ಬೆಲ್ಟಿನ ಅಡಿಗೆ ಎಣ್ಣೆ ಹಾಕಬೇಕು ಎಂದು ಪುಸ್ತಕದಲ್ಲಿತ್ತು. ಇವರು ಅಡಿಗೆಮನೆಗೆ ಹೋಗಿ ತೆಂಗಿನೆಣ್ಣೆ ತಂದು ಸುರಿದರು. ಮನೆಯ ಗಾಣದ ಎಣ್ಣೆ, ಒಳ್ಳೆಯದು ಅಂತ. ಎರಡು ದಿನ ಬೆಣ್ಣೆಯ ಹಾಗೆ ಓಡಿತು. ವಾರದಲ್ಲಿ ಧೂಳು ಸೇರಿ ಅಂಟಾಯಿತು, ಇರುವೆ ಸಾಲು ಬಂತು, ಮಳೆಗೆ ಕನರು ವಾಸನೆ. ಸಿಲಿಕೋನ್ ಎಣ್ಣೆಯೇ ಹಾಕಬೇಕು. ಬೇರೆ ಯಾವುದೂ ಬೇಡ.

ಪೆರ್ಲ ವಯರ್‌ಮನ್ · ಜೂನ್ 17, ಸಂಜೆ 6.15

ಅಕ್ಕಾ, ತೆಂಗಿನೆಣ್ಣೆ ಹಾಕಿದವರು ನಿಮ್ಮ ಯಜಮಾನರು ಒಬ್ಬರೇ ಅಲ್ಲ. ಹೊಲಿಗೆ ಮೆಶಿನ್ ಎಣ್ಣೆ ಹಾಕಿದವರೂ ಇದ್ದಾರೆ, ಅದು ಬೆಲ್ಟನ್ನೇ ತಿನ್ನುತ್ತದೆ. ಎಣ್ಣೆ ಒಣಗಿದ ಬೆಲ್ಟ್ ಹಲಗೆಗೆ ಉಜ್ಜುತ್ತದೆ. ಮೋಟಾರು ಜಾಸ್ತಿ ಕರೆಂಟ್ ಎಳೆಯುತ್ತದೆ. ಆ ಬಿಸಿಯೆಲ್ಲ ಬೋರ್ಡಿನ ತಲೆಗೆ. ಹಲ್ಲಿ ಸತ್ತದ್ದು ಕಾಣುತ್ತದೆ, ಎಣ್ಣೆ ಇಲ್ಲದ್ದು ಕಾಣುವುದಿಲ್ಲ.

ಅಕ್ಕಲಕೋಟ ರೊಟ್ಟಿ · ಜೂನ್ 17, ರಾತ್ರಿ 10.20

ಮಾಸ್ತರ್ರೇ, ನಾವು ಸೊಲ್ಲಾಪುರ ಜಿಲ್ಲೆಯವರು. ನಿಮಗೆ ಮಳೆ ಜಾಸ್ತಿ ಅಂತ ಟ್ರೆಡ್‌ಮಿಲ್, ನಮಗೆ ಬಿಸಿಲು ಜಾಸ್ತಿ ಅಂತ. ಏಪ್ರಿಲ್‌ನಲ್ಲಿ ಬೆಳಿಗ್ಗೆ ಎಂಟಕ್ಕೇ ನೆತ್ತಿ ಸುಡುತ್ತದೆ ನೋಡ್ರಿ.

ನಮ್ಮ ತ್ರಾಸು ವೋಲ್ಟೇಜು. ಸಂಜೆ ಬಾವಿ ಪಂಪು ಶುರುವಾದರೆ 180ಕ್ಕೆ ಇಳಿಯುತ್ತದೆ. ನಡೆಯುತ್ತಿರುವಾಗ ಬೆಲ್ಟ್ ತಡವರಿಸುತ್ತದೆ, ಕಾಲು ಮುಂದೆ ಹೋಗುತ್ತದೆ, ಬೆಲ್ಟ್ ಹಿಂದೆ ಉಳಿಯುತ್ತದೆ. ನಮ್ಮ ಕಾಕಾ ಹಾಗೇ ಮುಗ್ಗರಿಸಿದರು. 3 ಕೆವಿಎ ಸ್ಟೆಬಿಲೈಸರ್ ಹಾಕಿದ ಮೇಲೆ ಸರಿ ಹೋಯಿತು. ಆ ಖರ್ಚನ್ನು ಬಜೆಟ್‌ನಲ್ಲಿ ಮೊದಲೇ ಹಿಡಿಯಿರಿ.

ಇನ್ವರ್ಟರ್ ಮೇಲೆ ಓಡಿಸೋಣ ಅಂತ ಪ್ರಯತ್ನ ಮಾಡಬೇಡಿ. ಮಾಡಿದ್ದೇನೆ. ಇಡೀ ಮನೆ ಕತ್ತಲಾಯಿತು.

ಉಪ್ಪಳ ಫಿಸಿಯೋ · ಜೂನ್ 18, ಬೆಳಿಗ್ಗೆ 6.50

ಮೊಣಕಾಲಿನ ವಿಷಯಕ್ಕೆ ಬರೆಯುತ್ತಿದ್ದೇನೆ. ನಾನು ಫಿಸಿಯೋಥೆರಪಿ ಓದಿ ಅದೇ ಕೆಲಸದಲ್ಲಿರುವವಳು.

ಮಾಷ್ಟ್ರೇ, ವಾಕಿಂಗ್ ಪ್ಯಾಡ್ ಬೇಡವೇ ಬೇಡ. ಕೈಪಿಡಿ ಇಲ್ಲದ್ದು ಇಪ್ಪತ್ತೈದರ ಹುಡುಗರಿಗೆ. ಕೆಲಸ ಮಾಡುತ್ತಾ ಮೇಜಿನ ಮುಂದೆ ನಡೆಯಲು ಮಾಡಿದ್ದು ಅದು. ಕರೆಂಟ್ ಹೋದರೆ ಬೆಲ್ಟ್ ಗಕ್ಕೆಂದು ನಿಲ್ಲುತ್ತದೆ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಎಷ್ಟು ಸಲ ಹೋಗುತ್ತದೆ ಅಂತ ನಿಮಗೇ ಗೊತ್ತು. ಹಿಡಿಯಲು ಏನಾದರೂ ಇರಬೇಕು.

ಆದರೆ ಕೈಪಿಡಿ ಇದೆ ಅಂತ ಪೂರ್ತಿ ಹೊತ್ತು ಅದಕ್ಕೆ ನೇತಾಡಿಕೊಂಡು ನಡೆಯಬೇಡಿ. ಮೈಭಾರ ಕೈಗೆ ಬಿದ್ದರೆ ನಡೆದ ಲಾಭ ಕಡಿಮೆ, ಭುಜ ನೋವು ಜಾಸ್ತಿ. ಹತ್ತುವಾಗ, ಇಳಿಯುವಾಗ, ವೇಗ ಬದಲಿಸುವಾಗ ಹಿಡಿಯಿರಿ.

ನಿಮ್ಮ ಮನೆಯವರಿಗೆ ಗಂಟೆಗೆ ಎರಡೂವರೆ ಕಿಲೋಮೀಟರಿನಿಂದ ಶುರು ಮಾಡಿಸಿ, ಹತ್ತೇ ನಿಮಿಷ. ಏರು ಬೇಡ. ಕೆಲವು ಕಡಿಮೆ ಬೆಲೆಯ ಯಂತ್ರಗಳಲ್ಲಿ ಏರನ್ನು ಕೈಯಿಂದಲೇ ಪಿನ್ ಹಾಕಿ ಸಿಕ್ಕಿಸಬೇಕು, ಒಮ್ಮೆ ಸಿಕ್ಕಿಸಿದರೆ ಮನೆಯವರೆಲ್ಲ ಅದರಲ್ಲೇ ನಡೆಯುತ್ತಾರೆ. ಅದನ್ನು ಮಟ್ಟಸ ಇಡಿ. ನೋವು ಮಾರನೇ ದಿನ ಜಾಸ್ತಿಯಾದರೆ ನಿಲ್ಲಿಸಿ, ನೋಡಿದ ಡಾಕ್ಟರನ್ನು ಕೇಳಿ. ಬರಿಗಾಲಲ್ಲಿ ಬೇಡ. ಶುಗರ್ ಇರುವವರ ಪಾದದಲ್ಲಿ ಗುಳ್ಳೆ ಎದ್ದದ್ದು ಗೊತ್ತೇ ಆಗದಿರಬಹುದು.

ಎಷ್ಟು ನಡೆಯಬೇಕು ಎಂದರೆ, ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ, ಮಧ್ಯಮ ವೇಗದಲ್ಲಿ. ಮಧ್ಯಮ ಎಂದರೆ ಮಾತಾಡಲು ಆಗಬೇಕು, ಪದ್ಯ ಹಾಡಲು ಆಗಬಾರದು. ಊಟ ಆದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೂ ಶುಗರ್‌ಗೆ ಒಳ್ಳೆಯದು. ಮಳೆಯಲ್ಲಿ ರಾತ್ರಿ ಊಟದ ಮೇಲೆ ಯಾರು ಹೊರಗೆ ಹೋಗುತ್ತಾರೆ, ಅಲ್ಲಿ ಈ ಯಂತ್ರ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಮೊಮ್ಮಕ್ಕಳು ಬರುತ್ತಾರಾ? ಹಾಗಾದರೆ ಸೇಫ್ಟಿ ಕೀ ತೆಗೆದು ಕಪಾಟಿನಲ್ಲಿ ಇಡಿ, ಅದಿಲ್ಲದೆ ಯಂತ್ರ ಓಡುವುದಿಲ್ಲ. ಬೆಲ್ಟಿನ ಹಿಂದಿನ ತುದಿಯಲ್ಲಿ ಮಕ್ಕಳ ಕೈ ಸಿಕ್ಕಿ ಚರ್ಮ ಸುಲಿದು ಹೋಗುತ್ತದೆ. 2021ರಲ್ಲಿ ಅಮೆರಿಕದ ಪೆಲೊಟಾನ್ ಕಂಪನಿ ತನ್ನ ಟ್ರೆಡ್ ಪ್ಲಸ್ ಯಂತ್ರಗಳನ್ನು ವಾಪಸ್ ಕರೆಸಿಕೊಂಡದ್ದು ಒಂದು ಮಗು ಅದರಡಿ ಸಿಕ್ಕಿ ಸತ್ತ ಮೇಲೆ. ದುಬಾರಿ ಯಂತ್ರದ ಕಥೆಯೇ ಹಾಗೆ.

ಬದಿಯಡ್ಕ ಮಾಷ್ಟ್ರು · ಜೂನ್ 21, ರಾತ್ರಿ 8.40

ಎಲ್ಲರಿಗೂ ಉಪಕಾರ ಆಯಿತು. ವಾಕಿಂಗ್ ಪ್ಯಾಡ್ ಪಟ್ಟಿಯಿಂದ ಹೋಯಿತು.

ಇವತ್ತು ಟೇಪು ಹಿಡಿದು ಉಪ್ಪರಿಗೆ ಅಳೆದೆ. ನೆಲದಿಂದ ಅಡ್ಡ ತೊಲೆಗೆ 192 ಸೆಂಟಿಮೀಟರ್. ಯಂತ್ರದ ಹಲಗೆ ನೆಲದಿಂದ 14 ಸೆಂಟಿಮೀಟರ್ ಎತ್ತರ. ನಾನು 173. ಕೂಡಿಸಿದರೆ 187. ಉಳಿದದ್ದು ಐದು. ನಡೆಯುವಾಗ ತಲೆ ಮೇಲೆ ಕೆಳಗೆ ಆಗುತ್ತದೆ, ಶೂ ಬೇರೆ. ಮಡಚಿದ ಮೇಲೆ ಎಷ್ಟು ಜಾಗ ಎಂದು ಎಲ್ಲರೂ ಬರೆಯುತ್ತಾರೆ, ಬಿಡಿಸಿ ಹತ್ತಿದ ಮೇಲೆ ತಲೆಗೆ ಎಷ್ಟು ಜಾಗ ಎಂದು ಯಾರೂ ಬರೆಯುವುದಿಲ್ಲ. ಅಲ್ಲದೆ ಮರದ ಹಲಗೆಯ ನೆಲ. ಕೆಳಗೆ ಅಮ್ಮ ಮಲಗುವುದು. ಹಾಗಾಗಿ ಚಾವಡಿಯೇ.

ಬೆಲ್ಟಿನ ಉದ್ದದ ಲೆಕ್ಕವನ್ನೂ ಮಾಡಿದೆ. ಗಂಟೆಗೆ 5 ಕಿಲೋಮೀಟರ್ ಎಂದರೆ ನಿಮಿಷಕ್ಕೆ 83 ಮೀಟರ್. ಅಂಗಳದಲ್ಲಿ ಆ ವೇಗದಲ್ಲಿ ನಡೆದು ಎಣಿಸಿದೆ, ನಿಮಿಷಕ್ಕೆ 110 ಹೆಜ್ಜೆ. ಒಂದು ಹೆಜ್ಜೆ ಸುಮಾರು 76 ಸೆಂಟಿಮೀಟರ್. 110ರ ಬೆಲ್ಟ್ ಸಾಕು. ಓಡುವವನಿಗೆ ಹೆಜ್ಜೆ ಮೀಟರಿನ ಹತ್ತಿರ ಹೋಗುತ್ತದೆ, ಅವನಿಗೆ 125, 130 ಇಲ್ಲದೆ ಆಗದು. 12 ಕಿಲೋಮೀಟರ್ ವೇಗ ಇದೆ ಎಂದು ಬರೆದು 110ರ ಬೆಲ್ಟ್ ಕೊಡುವುದು ಯಾವ ಲೆಕ್ಕವೋ!

ಈಗ ಅಕ್ಕ ಹೇಳಿದ ಮಾತಿಗೆ. ಆನ್‌ಲೈನ್ ಬಿಟ್ಟೆ. ಗುರುವಾರ ಮಂಗಳೂರಿಗೆ ಹೋಗಿ ಅಂಗಡಿಯಲ್ಲೇ ನೋಡುತ್ತೇನೆ. ಏನೇನು ಪರೀಕ್ಷೆ ಮಾಡಬೇಕು?

ಪೆರ್ಲ ವಯರ್‌ಮನ್ · ಜೂನ್ 21, ರಾತ್ರಿ 9.30

ಶೂ ಹಾಕಿ ಹೋಗಿ. ಹತ್ತು ನಿಮಿಷವಾದರೂ ನಡೆಯಿರಿ, ಅಂಗಡಿಯವ ಎರಡು ನಿಮಿಷಕ್ಕೆ "ಆಯ್ತಾ ಸರ್" ಅಂತಾನೆ, ಇಳಿಯಬೇಡಿ. ಕಾಲು ಊರಿದಾಗ ಬೆಲ್ಟ್ ಒಂದು ಕ್ಷಣ ನಿಂತ ಹಾಗಾಗುತ್ತದಾ ನೋಡಿ. ಮಡಚುವ ಹಿಂಜಿನಲ್ಲಿ ಅಲುಗಾಟ ಉಂಟಾ ನೋಡಿ. ಮನೆಯವರ ಕೈಯಿಂದಲೇ ಮಡಚಿಸಿ, ಬಿಡಿಸಿ. ಹೈಡ್ರಾಲಿಕ್ ಇದ್ದರೆ ಹಲಗೆ ತಾನಾಗಿ ಮೆಲ್ಲ ಇಳಿಯುತ್ತದೆ. ಇಲ್ಲದಿದ್ದರೆ ಒಂದು ದಿನ ಕೈತಪ್ಪಿ ಕಾಲಿನ ಮೇಲೆ ಬೀಳುತ್ತದೆ. ಸೇಫ್ಟಿ ಕೀ ಎಳೆದು ನೋಡಿ, ಕೂಡಲೇ ನಿಲ್ಲಬೇಕು. ಆಮೇಲೆ ಮೋಟಾರಿನ ಮುಚ್ಚಳ ಮುಟ್ಟಿ ನೋಡಿ, ವಾಸನೆ ನೋಡಿ.

ಕುಂಬಳೆ ಕಡಲು · ಜೂನ್ 21, ರಾತ್ರಿ 9.58

ಹಳೆಯದು ಯಾಕೆ ನೋಡಬಾರದು? ಭಾವ 9 ಸಾವಿರಕ್ಕೆ ಕೊಡಲು ರೆಡಿ. ಹಪ್ಪಳ ಫ್ರೀ.

ಪೆರ್ಲ ವಯರ್‌ಮನ್ · ಜೂನ್ 21, ರಾತ್ರಿ 10.12

ಕಡಲತೀರದ ಮನೆಯದ್ದು ಬೇಡ ಮಾರಾಯ್ರೆ, ಉಪ್ಪು ಗಾಳಿಗೆ ರೋಲರು, ಸ್ಕ್ರೂ ಎಲ್ಲ ತುಕ್ಕು ಹಿಡಿದಿರುತ್ತದೆ. ನೋಡುವುದೇ ಆದರೆ ಬೆಲ್ಟ್ ಅಂಚು ನಾರು ಬಿಟ್ಟಿದೆಯಾ, ರೋಲರಿನಲ್ಲಿ ಗರಗರ ಶಬ್ದ ಉಂಟಾ, ಇಷ್ಟು ನೋಡಿ. ಕಾರ್ಬನ್ ಬ್ರಷ್ ಸವೆದಿದ್ದರೆ ಹೆದರಬೇಡಿ, ಮಿಕ್ಸಿಗೆ ಹಾಕುವ ಹಾಗಿನದ್ದೇ, ಪಂಪು ರಿಪೇರಿಯವರು ಹಾಕಿ ಕೊಡುತ್ತಾರೆ. ಬೋರ್ಡ್ ಹೋಗಿದ್ದರೆ ಮಾತ್ರ ಗುಜರಿಯ ರೇಟು ಕೊಡಿ.

ಬದಿಯಡ್ಕ ಮಾಷ್ಟ್ರು · ಜೂನ್ 26, ರಾತ್ರಿ 9.15

ತಂದೆ. 26,000 ಆಯಿತು, ಬಜೆಟ್ ಒಂದು ಸಾವಿರ ದಾಟಿತು. ಮೂರು ಯಂತ್ರ ನೋಡಿದೆವು. ಮೊದಲನೆಯದರಲ್ಲಿ ಮನೆಯವಳು ಕಾಲಿಟ್ಟ ಕೂಡಲೇ ಕಿಂಯ್ ಅಂತು. ಎರಡನೆಯದನ್ನು ಅವಳಿಗೆ ಮಡಚಲು ಆಗಲಿಲ್ಲ. ಮೂರನೆಯದು ಹೈಡ್ರಾಲಿಕ್, ಬೆಲ್ಟ್ 115 ಸೆಂಟಿಮೀಟರ್, 110 ಕೆಜಿ ತನಕ. ಹಿಂದಿನ ತಗಡಿನಲ್ಲಿ 1,100 ವ್ಯಾಟ್ ಎಂದು ಬರೆದಿತ್ತು. ಅದೇ ಯಂತ್ರದ ಮುಂದೆ "4.5 ಎಚ್‌ಪಿ" ಅಂತ ಕೆಂಪು ಸ್ಟಿಕ್ಕರ್. ಅಂಗಡಿಯ ಹುಡುಗನಿಗೆ ಭಾಗಾಕಾರ ಮಾಡಿ ತೋರಿಸಿದೆ. "ನೀವು ಮಾಷ್ಟ್ರಾ ಸರ್?" ಅಂದ.

ಬಿಲ್ಲಿನ ಹಿಂದೆ ಒಂದು ಸಾಲು ಬರೆಸಿಕೊಂಡೆ: ಒಂದು ವರ್ಷದೊಳಗೆ ತೊಂದರೆಯಾದರೆ ಮಂಗಳೂರಿನಿಂದಲೇ ಜನ ಬದಿಯಡ್ಕಕ್ಕೆ ಬರುತ್ತಾರೆ ಎಂದು. ಮೊದಲು ಒಪ್ಪಲಿಲ್ಲ. ಹಾಗಾದರೆ ಬೇಡ ಎಂದು ಎದ್ದೆವು. ಬಾಗಿಲ ತನಕ ಹೋದ ಮೇಲೆ ಮಾಲೀಕರೇ ಕರೆದು ಬರೆದು ಸೀಲು ಹಾಕಿದರು. ಪಿಕಪ್‌ಗೆ 1,800 ಕೊಟ್ಟೆ.

ನೀರ್ಚಾಲು ಅಕ್ಕ · ಜೂನ್ 26, ರಾತ್ರಿ 9.40

ಆ ಸಾಲಿಗೆ ಒಂದು ಸಾವಿರ ಜಾಸ್ತಿ ಕೊಟ್ಟರೂ ನಷ್ಟ ಇಲ್ಲ ಮಾಷ್ಟ್ರೇ. ಫೋಟೋ ತೆಗೆದು ಇಡಿ, ಬಿಲ್ಲಿನ ಶಾಯಿ ಮಳೆಗಾಲದಲ್ಲಿ ಮಾಸಿ ಹೋಗುತ್ತದೆ.

ಬದಿಯಡ್ಕ ಮಾಷ್ಟ್ರು · ಅಕ್ಟೋಬರ್ 19, ರಾತ್ರಿ 8.30

ಸುಮಾರು ನಾಲ್ಕು ತಿಂಗಳಾಯಿತು. ಕೇಳಿದವರಿಗೆ ಲೆಕ್ಕ ಒಪ್ಪಿಸುತ್ತೇನೆ.

ಮೊದಲು ವೇಗ. ಸ್ಕ್ರೀನು ಹೇಳುವುದು ನಿಜವಾ ಎಂದು ಸಂಶಯ ಬಂತು. ಬೆಲ್ಟಿನ ಅಂಚಿಗೆ ಸೀಮೆಸುಣ್ಣದಿಂದ ಗೆರೆ ಎಳೆದೆ. ದಾರ ಸುತ್ತಿಸಿ ಅಳೆದರೆ ಬೆಲ್ಟಿನ ಪೂರ್ತಿ ಸುತ್ತು 2 ಮೀಟರ್ 50. ಸ್ಕ್ರೀನಿನಲ್ಲಿ 5 ಇಟ್ಟು ನಾನು ನಡೆದೆ, ಮನೆಯವಳು ಗೆರೆ ಎಣಿಸಿದಳು. 50 ಸುತ್ತಿಗೆ 96 ಸೆಕೆಂಡ್. ಅಂದರೆ 125 ಮೀಟರ್. ಗಂಟೆಗೆ 4.7 ಕಿಲೋಮೀಟರ್ ಬಂತು. ನೂರಕ್ಕೆ ಆರು ಸುಳ್ಳು. ಪರವಾಗಿಲ್ಲ, ನಮ್ಮ ಬಸ್ಸಿನ ಟೈಂ ಟೇಬಲ್ಲಿಗಿಂತ ವಾಸಿ. ಕ್ಯಾಲೊರಿ ತೋರಿಸುವುದನ್ನು ನೋಡುವುದೇ ಬಿಟ್ಟೆ. ನಾನು ನಡೆದರೂ ಅವಳು ನಡೆದರೂ ಅದು ಒಂದೇ ಸಂಖ್ಯೆ ಹೇಳುತ್ತದೆ, ಯಾರು ಎಷ್ಟು ಭಾರ ಎಂದು ಅದು ಕೇಳುವುದೇ ಇಲ್ಲ.

ಕರೆಂಟು. ಪ್ಲಗ್‌ಗೆ ಸಿಕ್ಕಿಸುವ ಸಣ್ಣ ಮೀಟರ್ ತರಿಸಿದೆ. ನಾನು ಅದೇ ವೇಗದಲ್ಲಿ ನಡೆಯುವಾಗ 350 ವ್ಯಾಟ್ ಆಸುಪಾಸು. ಮುಕ್ಕಾಲು ಗಂಟೆಗೆ ಕಾಲು ಯೂನಿಟ್‌ಗಿಂತ ಚೂರು ಜಾಸ್ತಿ. ದಿನಾ ನಡೆದರೆ ಕೆಎಸ್‌ಇಬಿಯ (ಕೇರಳದ ವಿದ್ಯುತ್ ಮಂಡಳಿ) ಎರಡು ತಿಂಗಳ ಬಿಲ್ಲಿನಲ್ಲಿ ನನ್ನ ಪಾಲು 16 ಯೂನಿಟ್, ಅವಳದು ಅದರ ಅರ್ಧಕ್ಕಿಂತ ಕಡಿಮೆ. ಆಗಸ್ಟ್ ಕೊನೆಗೆ ಒಂದು ದಿನ ನೋಡಿದರೆ ಅದೇ ಮೀಟರ್ 470 ತೋರಿಸಿತು. ಯಂತ್ರ ಆಫ್ ಮಾಡಿ, ಪ್ಲಗ್ ಕಿತ್ತು, ಬೆಲ್ಟಿನ ಅಡಿಗೆ ಕೈ ಹಾಕಿ ಸವರಿದೆ. ಒಣ ಒಣ. ಸಿಲಿಕೋನ್ ಎಣ್ಣೆ ಎರಡೂ ಬದಿಯಿಂದ ಸ್ವಲ್ಪ ಸ್ವಲ್ಪ ಹಾಕಿ, ಮೆಲ್ಲ ಐದು ನಿಮಿಷ ಓಡಿಸಿದೆ. ಮಾರನೇ ದಿನ 360. ಪೆರ್ಲದವರು ಹೇಳಿದ "ಕಾಣದ್ದು" ಆ ಮೀಟರಿನಲ್ಲಿ ಕಂಡಿತು.

ಬೆಲ್ಟ್ ಒಮ್ಮೆ ಬಲಕ್ಕೆ ಸರಿದಿತ್ತು. ಹಿಂದಿನ ರೋಲರಿನ ಬಲ ಬೋಲ್ಟನ್ನು ಗಡಿಯಾರದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ, ಎರಡು ನಿಮಿಷ ಬಿಟ್ಟು ನೋಡಿದೆ. ಮತ್ತೆ ಕಾಲು ಸುತ್ತು. ಸರಿಯಾಯಿತು. ಅವಸರ ಮಾಡಿ ಒಮ್ಮೆಗೇ ತಿರುಗಿಸಿದರೆ ಎಡಕ್ಕೆ ಓಡುತ್ತದೆ, ನನ್ನದು ಓಡಿತ್ತು.

ಜುಲೈಯಲ್ಲಿ ಕೈಪಿಡಿಯ ಸ್ಪಂಜಿಗೆ ಬೂಷ್ಟು ಹಿಡಿಯಿತು. ಬಿಸಿನೀರಲ್ಲಿ ಅದ್ದಿದ ಬಟ್ಟೆ ಹಿಂಡಿ ಒರೆಸಿ, ಮೇಲೆ ಹಳೆ ಬೈರಾಸು ಸುತ್ತಿದೆವು. ಈಗ ತುಲಾ ತಿಂಗಳ ಗುಡುಗು ಶುರುವಾಗಿದೆ. ಮಧ್ಯಾಹ್ನ ಮೋಡ ಕಟ್ಟಿದರೆ ಟಿವಿ, ಫ್ರಿಜ್ಜಿನ ಜೊತೆ ಇದರ ಪ್ಲಗ್ಗನ್ನೂ ಕಿತ್ತು ಹಾಕುವುದು ಅಮ್ಮನ ಕೆಲಸ. ಸ್ವಿಚ್ ಆಫ್ ಮಾಡಿದರೆ ಸಾಲದು, ಕೀಳಲೇ ಬೇಕು. ಸಾಯಂಕಾಲ ಅವರೇ ಚುಚ್ಚುತ್ತಾರೆ. 82 ವರ್ಷ, ಯಂತ್ರದ ಹತ್ತಿರ ಕುರ್ಚಿ ಹಾಕಿ ಕೂತು, ನಾನು ನಡೆಯುವಾಗ "ಇನ್ನೂ ಮನೆಗೆ ಮುಟ್ಟಲಿಲ್ಲವಾ?" ಎಂದು ಕೇಳುತ್ತಾರೆ.

ನಡೆಯದ ದಿನಗಳನ್ನೂ ಹೇಳಬೇಕಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ಜುಲೈಯಲ್ಲಿ 27 ದಿನ, ಆಗಸ್ಟಿನಲ್ಲಿ 24, ಸೆಪ್ಟೆಂಬರಿನಲ್ಲಿ 15. ಬಿಸಿಲು ಬಂದ ದಿನ ರಸ್ತೆಗೇ ಹೋದೆ. ಗೋಡೆ ನೋಡಿಕೊಂಡು ನಡೆಯುವುದು ಬೇಜಾರು, ಅದನ್ನು ಮುಚ್ಚಿಡುವುದಿಲ್ಲ. ಯಕ್ಷಗಾನ ಹಾಕಿಕೊಂಡರೆ ಹೊತ್ತು ಹೋಗುತ್ತದೆ, ಆದರೆ ಚೆಂಡೆ ಏರಿದಾಗ ಕಾಲು ತಾನಾಗಿ ಓಡುತ್ತದೆ, ಹುಷಾರಿ.

ಉಪ್ಪಳ ಫಿಸಿಯೋ · ಅಕ್ಟೋಬರ್ 19, ರಾತ್ರಿ 9.05

ಮನೆಯವರ ಮೊಣಕಾಲು?

ಬದಿಯಡ್ಕ ಮಾಷ್ಟ್ರು · ಅಕ್ಟೋಬರ್ 19, ರಾತ್ರಿ 9.20

ಹತ್ತು ನಿಮಿಷದಿಂದ ಶುರು ಮಾಡಿದವಳು ಈಗ 25ಕ್ಕೆ ಬಂದಿದ್ದಾಳೆ, ವೇಗ 3ರಲ್ಲೇ. ನೋವು ಪೂರ್ತಿ ಹೋಗಿಲ್ಲ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುವುದು ಮಾತ್ರ ಬಿಟ್ಟಿದ್ದಾಳೆ. ನನ್ನ ಶುಗರ್ ಪರೀಕ್ಷೆ ಮುಂದಿನ ತಿಂಗಳು.

ಅಕ್ಕಲಕೋಟ ರೊಟ್ಟಿ · ಅಕ್ಟೋಬರ್ 19, ರಾತ್ರಿ 10.00

ಸ್ಟೆಬಿಲೈಸರ್ ಹಾಕಿದ್ರಾ ಮಾಸ್ತರ್ರೇ?

ಬದಿಯಡ್ಕ ಮಾಷ್ಟ್ರು · ಅಕ್ಟೋಬರ್ 19, ರಾತ್ರಿ 10.08

ಇಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ವೋಲ್ಟೇಜ್ 215ರ ಕೆಳಗೆ ಇಳಿಯಲಿಲ್ಲ. ತೋಟಕ್ಕೆ ನೀರು ಬಿಡುವ ಕಾಲ ಬರಲಿ, ಎಲ್ಲರ ಪಂಪು ಶುರುವಾದ ಮೇಲೆ ಮೀಟರ್ ನೋಡಿ ನಿರ್ಧಾರ ಮಾಡುತ್ತೇನೆ.

ಕುಂಬಳೆ ಕಡಲು · ಅಕ್ಟೋಬರ್ 20, ಬೆಳಿಗ್ಗೆ 7.30

ಮಾಷ್ಟ್ರೇ, ನಿಮ್ಮ ಲೆಕ್ಕ ಓದಿ ಭಾವನಿಗೆ ಹುರುಪು ಬಂದಿದೆ. ನಿನ್ನೆ ಹಪ್ಪಳದ ಚಾಪೆ ತೆಗೆಸಿ ಹತ್ತಿದರು. ಬೆಲ್ಟ್ ಕದಲಲಿಲ್ಲ, ಸುಟ್ಟ ವಾಸನೆ ಬಂತು, ಇಳಿದರು. ಎಣ್ಣೆ ಹಾಕಿದರೆ ಸರಿಯಾದೀತಾ? ಆ ಸಿಲಿಕೋನ್ ಎಣ್ಣೆ ಕುಂಬಳೆಯಲ್ಲಿ ಎಲ್ಲೂ ಇಲ್ಲ.

ಬದಿಯಡ್ಕ ಮಾಷ್ಟ್ರು · ಅಕ್ಟೋಬರ್ 20, ಬೆಳಿಗ್ಗೆ 8.10

ವಾಸನೆ ಬಂದ ಮೇಲೆ ಮತ್ತೆ ಆನ್ ಮಾಡಬೇಡಿ ಅನ್ನಿ. ಪೆರ್ಲದವರು ಮುಚ್ಚಳ ತೆಗೆದು ನೋಡಲಿ ಮೊದಲು. ಎಣ್ಣೆ ನನ್ನಲ್ಲಿ ಅರ್ಧ ಬಾಟಲಿ ಉಂಟು. ಬುಧವಾರ ಹತ್ತು ಗಂಟೆಗೆ ಬದಿಯಡ್ಕ ಬಸ್ ಸ್ಟ್ಯಾಂಡಿಗೆ ಬನ್ನಿ, ಕೊಡುತ್ತೇನೆ. ಬರುವಾಗ ಅತ್ತೆಯ ಹಪ್ಪಳ ಒಂದು ಕಟ್ಟು ತನ್ನಿ.